ಬೀಗರು ಅತ್ತ ಬುಧವಾರ

ಯಂತ್ರಕ್ಕೆ ಮುಖಭಾವ ಕೊಡುವ ವಿದ್ಯೆಯನ್ನು ಈಗ ಕಾಲೇಜಿನಲ್ಲಿ ಕಲಿಸುತ್ತಾರಂತೆ. ಮನುಷ್ಯನನ್ನು ಕಂಡರೆ ನಗುವ, ಅವನು ಬೇಸರದಲ್ಲಿದ್ದರೆ ಹುಬ್ಬು ಇಳಿಸುವ, ಅವನ ಮನಸ್ಸು ಹಗುರ ಮಾಡಿ ಮನೆಗೆ ಕಳಿಸುವ ರೋಬೋಟುಗಳು. ಮುಲುಂಡಿನ ನಮ್ಮ ಸೊಸೈಟಿಯ ಹುಡುಗಿಯೊಬ್ಬಳು ಅಂಥದೊಂದು ಕಂಪನಿಗೆ ಸೇರುವ ಮುನ್ನ ನನ್ನ ಹತ್ತಿರ ಬಂದು, “ಅಂಕಲ್, ನೀವೂ ಸೇಮ್ ಲೈನ್ ಅಲ್ವಾ? ಥೋಡಾ ಟಿಪ್ಸ್ ಕೊಡಿ ನಾ,” ಎಂದಳು. ತಗಡಿನ ತಲೆಯೊಳಗೆ ಗ್ರೀಸು ಹಚ್ಚಿಕೊಂಡು ಬದುಕಿದವನನ್ನು ಸೇಮ್ ಲೈನ್ ಎಂದು ಕರೆದ ಆಕೆಯ ಔದಾರ್ಯಕ್ಕೆ ನಾನು ಋಣಿ. ಟಿಪ್ಸ್ ನನ್ನಲ್ಲಿಲ್ಲ. ಇರುವುದು ಕೆಲವು ಆಘಾತಗಳು. ಅವನ್ನೇ ಬರೆದಿಡುತ್ತೇನೆ.

ಬಡ್ತಿಗಳ ವಿಚಾರ ಇಲ್ಲಿ ಬರುವುದಿಲ್ಲ. ಮೂರು ಸಿಕ್ಕವು. ಅದರಲ್ಲೊಂದರ ಕಾಗದ ಸ್ಟೋರ್ಸಿನ ಇನ್ನೊಬ್ಬ ರಾವ್‌ಗೆ ಹೋಗಿ, ಆತ ಪೇಡೆ ಹಂಚಿದ ಮೇಲೆ ನನಗೆ ಬಂತು. ಪೇಡೆ ತಿಂದವರ್‍ಯಾರೂ ಎರಡನೆಯ ಸಲ ಅಭಿನಂದಿಸಲಿಲ್ಲ. ಅಷ್ಟು ಸಾಕು.

ನಾನು ಮೈಸೂರಿನಲ್ಲಿ ಡಿಪ್ಲೊಮಾ ಮುಗಿಸಿ ವಿಕ್ರೋಳಿಯ ಒಂದು ಸಣ್ಣ ಕಾರ್ಖಾನೆಗೆ ಬಂದವನು. ಅಲ್ಲಿ ತಯಾರಾಗುತ್ತಿದ್ದದ್ದು ತೂಕದ ಯಂತ್ರ. ಎಂಬತ್ತರ ದಶಕದ ನಡುವೆ ನಮ್ಮ ಮ್ಯಾನೇಜರು ಪರದೇಶದ ಯಾವುದೋ ಪ್ರದರ್ಶನದಲ್ಲಿ ತಲೆಯಾಡಿಸುವ ಗೊಂಬೆಯೊಂದನ್ನು ಕಂಡು ಬಂದರು. ಬಂದ ಮಾರನೆಯ ದಿನವೇ ತೂಕದ ಯಂತ್ರದ ಶೆಡ್ಡಿನ ಒಂದು ಮೂಲೆಯಲ್ಲಿ ಗೋಡೆ ಎದ್ದು, ‘ಎಕ್ಸ್‌ಪ್ರೆಷನ್ ಸೆಕ್ಷನ್’ ಎಂಬ ಬೋರ್ಡು ಬಿತ್ತು. ಸೆಕ್ಷನ್ನಿನ ಸಿಬ್ಬಂದಿ ಇಬ್ಬರು. ಒಬ್ಬ ನಾನು. ಇನ್ನೊಬ್ಬ ಫಿಟ್ಟರ್ ಮಲ್ಲಪ್ಪ, ಬಿಜಾಪುರದ ಕಡೆಯವನು, ಅರ ಹಿಡಿದು ಲೋಹ ತಿಕ್ಕಲು ಕೂತರೆ ಊಟದ ಗಂಟೆಯೂ ಕಿವಿಗೆ ಬೀಳದವನು.

ಮ್ಯಾನೇಜರ ಹೆಸರು ಹಸಮುಖಭಾಯಿ. ಅರ್ಥ ನಗುಮುಖದವನು. ತಂದೆತಾಯಿ ಆಸೆಯಿಂದ ಹೆಸರಿಡುತ್ತಾರೆ, ಮುಂದಿನದು ಅವರ ಕೈಯಲ್ಲಿಲ್ಲ. ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದೆ. ಅವರ ಹಲ್ಲು ಎಷ್ಟಿವೆ ಎಂದು ಯಾರಾದರೂ ಕೇಳಿದರೆ ಇಂದಿಗೂ ಅಂದಾಜಿನಲ್ಲಿ ಹೇಳಬೇಕು. ಒಂದು ಬೆಳಿಗ್ಗೆ ನನ್ನನ್ನು ಕರೆಸಿ ಕೇಳಿದರು:

“ರಾವ್, ಸ್ಮೈಲ್ ಮತ್ಲಬ್ ಕಿತ್ನಾ ಎಮ್‌ಎಮ್?”

“ಯಾರದು ಸರ್?”

“ಸ್ಟ್ಯಾಂಡರ್ಡ್ ಸ್ಮೈಲ್. ಡ್ರಾಯಿಂಗ್ ಮೇಂ ಡಾಲ್ನಾ ಹೈ.”

ನಗುವಿಗೆ ಮಿಲಿಮೀಟರು ಹುಡುಕುವ ಹೊಣೆ ಹೀಗೆ ನನ್ನ ಮೇಲೆ ಬಿತ್ತು. ವರ್ನಿಯರ್ ಕ್ಯಾಲಿಪರ್ ಹಿಡಿದು ಕಾರ್ಖಾನೆಯೆಲ್ಲ ತಿರುಗಿದೆ. ಕ್ಯಾಂಟೀನಿನವನ ತುಟಿಯ ಕೊನೆ ಒಂಬತ್ತು ಮಿಲಿಮೀಟರು ಏರಿತು. ಯೂನಿಯನ್ ಸೆಕ್ರೆಟರಿಯದು ಮೂರು. ವರ್ನಿಯರ್ ಕಂಡ ಕೂಡಲೇ ಅದನ್ನೂ ವಾಪಸ್ ತೆಗೆದುಕೊಂಡ. ಎಲ್ಲ ಸೇರಿಸಿ ಸರಾಸರಿ ಆರು ಎಂದು ಬರೆದುಕೊಟ್ಟೆ. ಅಂದಿನಿಂದ ಯಾರು ನನ್ನನ್ನು ನೋಡಿ ನಕ್ಕರೂ ನನ್ನ ಕಣ್ಣು ಮೊದಲು ಅವರ ತುಟಿಯ ಕೊನೆಗೆ ಹೋಗುತ್ತದೆ. ಇದರಿಂದ ನನ್ನ ಸಂಸಾರದಲ್ಲಿ ಆದ ತೊಂದರೆ ಬೇರೆಯೇ ಗ್ರಂಥದ ವಿಷಯ.

ಯಂತ್ರದ ರಚನೆ ಸರಳ. ಹತ್ತು ವರ್ಷದ ಮಗುವಿನೆತ್ತರದ ತಗಡಿನ ಮೈ, ಅದರ ಮೇಲೊಂದು ತಲೆ, ತಲೆಗೆ ರಬ್ಬರಿನ ಮುಖ, ಗಾಜಿನ ಕಣ್ಣು, ಬೂಟಿನ ಬ್ರಷ್ಷಿನ ಕೂದಲಿನ ಹುಬ್ಬು. ಒಳಗೆ ಒಂದು ಮೋಟಾರು, ಎರಡು ಹಿತ್ತಾಳೆಯ ಬಿಲ್ಲೆ. ಬಿಲ್ಲೆಯ ಅಂಚು ಏರುತಗ್ಗು. ಅದು ತಿರುಗಿದಂತೆ ಅಂಚಿನ ಮೇಲೆ ಕೂತ ಕಡ್ಡಿ ಏರಿಳಿಯುತ್ತದೆ, ಕಡ್ಡಿ ತುಟಿಯನ್ನು, ಹುಬ್ಬನ್ನು ಎಳೆಯುತ್ತದೆ. ಒಂದು ನಗುವಿನ ಬಿಲ್ಲೆ, ಒಂದು ದುಃಖದ ಬಿಲ್ಲೆ. ಯಾರಾದರೂ ಎದುರಿಗೆ ಬಂದು ಬೆಳಕಿನ ಗೆರೆ ದಾಟಿದರೆ ನಗು. ದುಃಖ ಬೇಕಾದಾಗ ಕಾಲಡಿ ಬಚ್ಚಿಟ್ಟ ಪೆಡಲು ಒತ್ತಬೇಕು. ಆಗ ಹುಬ್ಬು ಇಳಿದು, ತುಟಿ ಜೋತು, ಕಣ್ಣಿನ ಹಿಂದಿನ ರಬ್ಬರ್ ಗುಳ್ಳೆಯಿಂದ ಒಂದು ಹನಿ ಗ್ಲಿಸರಿನ್ ಕೆನ್ನೆಗಿಳಿಯುತ್ತದೆ. ಕಣ್ಣೀರು ಹಸಮುಖಭಾಯಿಯ ಸ್ವಂತ ಸೂಚನೆ. ಅದರ ಬಗ್ಗೆ ಅವರಿಗೆ ಅಭಿಮಾನವಿತ್ತು.

ಮೊದಲ ಸಲ ಸ್ವಿಚ್ಚು ಹಾಕಿದಾಗ ಆರು ಮಿಲಿಮೀಟರಿನ ನಗು ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಎದುರಿಗಿದ್ದ ಪ್ಯೂನ್ ಚಹಾದ ಟ್ರೇ ಕೈಬಿಟ್ಟು ಶೆಡ್ಡಿನಿಂದ ಹೊರಗೋಡಿದ. ನಾನೂ ಎರಡು ಹೆಜ್ಜೆ ಹಿಂದೆ ಸರಿದೆ. ನನ್ನದೇ ಡ್ರಾಯಿಂಗು ನನ್ನನ್ನು ಹೀಗೆ ಹೆದರಿಸುತ್ತದೆ ಎಂದು ಎಣಿಸಿರಲಿಲ್ಲ.

ಮಲ್ಲಪ್ಪ ಮಾತ್ರ ನಿಂತಲ್ಲೇ ನಿಂತಿದ್ದ. “ಇದು ನಗೂದಲ್ರಿ ಸಾಹೇಬ್ರ, ಕಚ್ಚೂದು,” ಎಂದ. “ನಗಿ ಒಮ್ಮೆಲೆ ಬರೂದಿಲ್ಲ. ಮೊದಲ ಕಣ್ಣಿಗೆ ಸುದ್ದಿ ಮುಟ್ಟಬೇಕು, ಆಮ್ಯಾಲ ಬಾಯಿಗೆ.”

ಮೂರು ತಿಂಗಳು ಅವನು ಆ ಬಿಲ್ಲೆಯ ಅಂಚನ್ನು ತಿಕ್ಕಿದ. ಕೂದಲೆಳೆಯಷ್ಟು ತಿಕ್ಕುವುದು, ಜೋಡಿಸುವುದು, ನೋಡುವುದು, ಮತ್ತೆ ಬಿಚ್ಚುವುದು. ಕೊನೆಗೆ ಒಂದು ಮಧ್ಯಾಹ್ನ ಯಂತ್ರದ ಕಣ್ಣಿನ ಕೆಳಗೆ ಸಣ್ಣಗೆ ಏನೋ ಸಡಿಲವಾಯಿತು, ಆಮೇಲೆ ತುಟಿ ಎದ್ದಿತು. ನನಗೆ ತಿಳಿಯದಂತೆ ನಾನೂ ನಕ್ಕೆ. ನಕ್ಕದ್ದು ಗೊತ್ತಾದಾಗ ಸ್ವಿಚ್ಚು ಆರಿಸಿದೆ. ತಗಡಿನ ಡಬ್ಬಿ ನನ್ನ ಅಪ್ಪಣೆ ಕೇಳದೆ ನನ್ನ ಬಾಯಿ ತೆರೆಸಿತ್ತು.

ಬೀಗರು ಎಂಬ ಹೆಸರಿಟ್ಟವನೂ ಮಲ್ಲಪ್ಪನೇ. ಯಂತ್ರವನ್ನು ಹಾಸಿಗೆಯಲ್ಲಿ ಸುತ್ತಿ ಟೆಂಪೋಗೆ ಏರಿಸುವಾಗ ಅಂದ: “ನೆಳ್ಳಾಗ ಕುಂದರಸಬೇಕು, ಕೈ ಹಿಡದ ಇಳಸಬೇಕು, ಬಿಸಿ ಆದ್ರೂ ಸಿಟ್ಟು, ತಂಪ ಆದ್ರೂ ಸಿಟ್ಟು. ಗಂಡಿನ ಕಡಿ ಬೀಗರು ಬಂದಂಗಾತಲ್ರಿ ಇದು.” ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಅದಕ್ಕೆ ಬಹುವಚನ.

ಬೀಗರ ಮೊದಲ ನೌಕರಿ ಬೊರಿವಲಿಯಲ್ಲಿ, ಮಿಕ್ಸಿ ಮಾರುವ ಕಂಪನಿಯೊಂದರ ದೂರು ಸ್ವೀಕರಿಸುವ ಕೌಂಟರಿನಲ್ಲಿ. ಮೊದಲ ವಾರ ನಾನೂ ಮಲ್ಲಪ್ಪನೂ ದಾದರಿನಲ್ಲಿ ಲೋಕಲ್ ಬದಲಿಸಿ ದಿನಾ ಅಲ್ಲಿಗೆ ಹೋಗಿ ಪರದೆಯ ಹಿಂದೆ ಕೂರುತ್ತಿದ್ದೆವು. ನಾಲ್ಕನೆಯ ದಿನ ಒಬ್ಬರು ಮಿಕ್ಸಿಯನ್ನು ಕೌಂಟರಿನ ಮೇಲೆ ಕುಕ್ಕಿ, “ತೀಸ್ರೀ ಬಾರ್ ಆಯಾ ಹೂಂ. ಅಬ್ ಚಟ್ನಿ ಕ್ಯಾ ದಾಂತ್ ಸೇ ಪೀಸೂಂ?” ಎಂದು ಗುಡುಗಿದರು. ಮೂರನೆಯ ಸಲ ಬಂದವರು, ಚಟ್ನಿಯನ್ನು ಹಲ್ಲಿನಲ್ಲಿ ಅರೆಯಲೇ ಎಂಬುದು ಅವರ ಪ್ರಶ್ನೆ. ಗುಮಾಸ್ತ ತಣ್ಣಗೆ ಪೆಡಲು ಒತ್ತಿದ. ಬೀಗರ ಹುಬ್ಬು ಇಳಿಯಿತು, ತುಟಿ ಜೋತಿತು, ಹನಿ ಉದುರಿತು.

ಆ ಮನುಷ್ಯ ಮಾತು ನಿಲ್ಲಿಸಿದರು. ಸುತ್ತ ನೋಡಿದರು. ಕರವಸ್ತ್ರ ತೆಗೆದು ಬೀಗರ ಕೆನ್ನೆ ಒರೆಸಿ, “ಅರೆ, ತುಮ್ಕೋ ನಹೀಂ ಬೋಲಾ, ಭಾಯ್. ತುಮ್ ಕ್ಯೂಂ ರೋತೇ ಹೋ,” ಎಂದು, ತಾನು ಬೈದದ್ದು ಅದಕ್ಕಲ್ಲವೆಂದು ಸಮಾಧಾನ ಮಾಡಿದರು. ಆಮೇಲೆ ಅದೇ ಕೆಟ್ಟ ಮಿಕ್ಸಿಯನ್ನು ಕಂಕುಳಲ್ಲಿಟ್ಟುಕೊಂಡು, ಗುಮಾಸ್ತನಿಗೆ ಥ್ಯಾಂಕ್ಸ್ ಹೇಳಿ, ಹಗುರ ಮುಖದಿಂದ ಹೊರಟುಹೋದರು.

ಪರದೆಯ ಹಿಂದಿನಿಂದ ಮಲ್ಲಪ್ಪ ಮೆಲ್ಲಗೆ ಅಂದ: “ಮಿಕ್ಸಿ ರಿಪೇರಿ ಆಗಲಿಲ್ಲ. ಮನಶಾ ರಿಪೇರಿ ಆಗಿ ಹೋದ.”

ನಾನು ನಕ್ಕೆ. ಅಂದು ಹಸಮುಖಭಾಯಿ ವರದಿಯಲ್ಲಿ ‘ಪೂರ್ಣ ತೃಪ್ತಿ’ ಎಂದು ಬರೆಸಿದರು. ವಾಪಸ್ ಬರುವ ಗಾಡಿಯಲ್ಲಿ, ಜನರ ನಡುವೆ ಒಂಟಿಕಾಲಿನಲ್ಲಿ ನಿಂತಾಗ, ಆ ಮನುಷ್ಯ ಮನೆಗೆ ಹೋಗಿ ಚಟ್ನಿಗೆ ಏನು ಮಾಡಿರಬಹುದು ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ನಾಲ್ಕು ವರ್ಷ ಕಳೆಯಿತು. ಚಿಪ್ ಬಂತು. ಹೊಸ ಯಂತ್ರಗಳಲ್ಲಿ ಹಿತ್ತಾಳೆಯ ಬಿಲ್ಲೆ ಹೋಗಿ ಬೆರಳುಗುರಿನಷ್ಟು ಕಪ್ಪು ಚೂರು ಕೂತಿತು. ಪುಣೆಯಿಂದ ಬಂದ ಎಂಜಿನಿಯರ್ ಕೀಬೋರ್ಡಿನಲ್ಲಿ ಒಂದು ತಾಸು ಕುಟ್ಟಿ ಏಳು ಬಗೆಯ ನಗು ತಯಾರಿಸಿದ. ಮಲ್ಲಪ್ಪ ಏಳನ್ನೂ ನೋಡಿ, “ಏಳೂ ಒಬ್ಬನ ನಗತಾನ,” ಎಂದು ಎದ್ದು ಹೋದ. ಚಿಪ್ಪಿನ ಬೀಗರು ಬೊರಿವಲಿಗೆ ಹೋದರು, ಬಿಲ್ಲೆಯ ಬೀಗರು ಶೆಡ್ಡಿಗೆ ಮರಳಿದರು. ಮಾರಾಟವಾಗದ್ದನ್ನು ಹಸಮುಖಭಾಯಿ ಮುಲುಂಡಿನ ಒಂದು ಧರ್ಮಾಸ್ಪತ್ರೆಯ ಮಕ್ಕಳ ವಾರ್ಡಿಗೆ ಎರವಲು ಕೊಟ್ಟು ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ನಗುತ್ತಿರುವುದು ಬೀಗರೊಬ್ಬರೇ.

ಇಲ್ಲಿಂದ ನನ್ನ ತಪ್ಪುಗಳು ಶುರು. ಎಚ್ಚರದಿಂದ ಓದಿ.

ಬೀಗರಿಗೆ ಧ್ವನಿಯೂ ಇತ್ತು, ಕ್ಯಾಸೆಟ್ಟಿನದು. ಒಳಗೆ ಬರುವವರಿಗೆ ನಮಸ್ತೆ, ಹೊರಗೆ ಹೋಗುವವರಿಗೆ ಹಿಂದಿಯಲ್ಲಿ ‘ಫಿರ್ ಆಯಿಯೇ’, ಮರಾಠಿಯಲ್ಲಿ ‘ಪುನ್ಹಾ ಯಾ’. ಎರಡೂ ಮತ್ತೆ ಬನ್ನಿ ಎಂದೇ. ಅಂಗಡಿಗೆ ಮಾಡಿದ ಕ್ಯಾಸೆಟ್ಟನ್ನು ನಾನು ಹಾಗೆಯೇ ಆಸ್ಪತ್ರೆಗೆ ಕಳಿಸಿದೆ. ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಎಂದು ಅಮ್ಮನಿಂದ ತಲೆಗೆ ಮೊಟಕಿಸಿಕೊಂಡು ಬೆಳೆದವನು ನಾನು. ಯಾರನ್ನೇ ಆಗಲಿ ಹೋಗಿ ಬನ್ನಿ ಎಂದು ಕಳಿಸುವುದಕ್ಕಿಂತ ಶುಭವಾದದ್ದು ಏನಿದೆ ಎಂದು ನಂಬಿದ್ದೆ. ಅದನ್ನು ಹೇಳಬಾರದ ಜಾಗಗಳೂ ಇವೆ ಎಂದು ಅದೇ ಅಮ್ಮ ಹೇಳಿಕೊಟ್ಟದ್ದು ಮರೆತೇಹೋಗಿತ್ತು.

ವಾರ್ಡಿನ ಮುಖ್ಯ ನರ್ಸು ಸಿಸ್ಟರ್ ಲೂಸಿ, ಉಡುಪಿ ಕಡೆಯವರು. ಮೂರನೆಯ ದಿನ ಫ್ಯಾಕ್ಟರಿಗೆ ಫೋನ್ ಮಾಡಿದರು.

“ಎಂತ ಮಾರಾಯ್ರೆ, ನಿಮ್ಮ ಮಿಷನ್‌ಗೆ ಬುದ್ಧಿ ಉಂಟಾ? ಗುಣ ಆಗಿ ಮನೆಗೆ ಹೋಗುವ ಹುಡುಗನಿಗೆ ‘ಪುನ್ಹಾ ಯಾ’ ಹೇಳುದಾ? ಅವನ ಅಜ್ಜಿ ಅದರ ಬಾಯಿಗೆ ಮಣ್ಣು ಬೀಳಲಿ ಅಂತ ಬೈದು, ಚಪ್ಪಲಿ ತೆಗೆದ್ರು. ಆಮೇಲೆ ಉಪ್ಪು ತರಿಸಿ ಹುಡುಗನಿಗೆ ನಿವಾಳಿಸಿದ್ರು. ನನ್ನ ವಾರ್ಡಿನಲ್ಲಿ, ಡಾಕ್ಟರ ಎದುರು.”

ನಾನು ಕ್ಷಮೆ ಕೇಳಿದೆ. ಸಿಸ್ಟರ್ ಧ್ವನಿ ತಗ್ಗಿಸಿ ಅಂದರು: “ಅದು ಬಿಡಿ. ನಿನ್ನೆ ಒಬ್ಬರು ಗಂಡ ಹೆಂಡತಿ ಹೋದ್ರು. ಬರುವಾಗ ಮೂರು ಜನ ಬಂದಿದ್ರು. ಅವರಿಗೂ ಅದು ನಕ್ಕು ಅದನ್ನೇ ಹೇಳಿತು.”

ಆ ಗಂಡ ಹೆಂಡತಿ ಏನು ಮಾಡಿದರು ಎಂದು ಕೇಳುವ ಧೈರ್ಯ ಆಗಲಿಲ್ಲ. ಈಗಲೂ ಗೊತ್ತಿಲ್ಲ.

ಅದೇ ಸಂಜೆ ಹೋಗಿ ಕ್ಯಾಸೆಟ್ಟಿನಿಂದ ಆ ಮಾತನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ಹೋಗುವವರಿಗೆ ನಗುವೂ ಬೇಡವೆಂದು ಬೆಳಕಿನ ಗೆರೆಯನ್ನು ಬಾಗಿಲಿನಿಂದ ಒಳಕ್ಕೆ ಸರಿಸಿದೆ. ಸಿಸ್ಟರ್ ಇನ್ನೊಂದು ಕೇಳಿದರು: “ಅಳುವುದನ್ನೂ ತೆಗೆದು ಹಾಕಿ. ಇಲ್ಲಿ ಅದು ಬೇಡ, ನಮ್ಮಲ್ಲಿ ಸಾಕಷ್ಟು ಉಂಟು.” ದುಃಖದ ಬಿಲ್ಲೆಯನ್ನು ಪೂರ್ತಿ ಹೊರತೆಗೆಯಬೇಕಿತ್ತು. ಅರ್ಧ ದಿನದ ಕೆಲಸ. ಮುಂದೆ ಯಾವುದಾದರೂ ಅಂಗಡಿ ಈ ಯಂತ್ರ ಕೇಳೀತು, ಅಳು ಇರಲಿ ಎಂದು ಹಸಮುಖಭಾಯಿ ಹೇಳಿದ್ದರು. ನನಗೂ ಸೋಮಾರಿತನ. ಪೆಡಲಿನ ವೈರು ಕತ್ತರಿಸಿ, ಅದರ ಎರಡು ತುದಿಗಳಿಗೂ ಕಪ್ಪು ಟೇಪು ಸುತ್ತಿ ಒಳಗೇ ಮಡಿಸಿಟ್ಟೆ. ಆ ಎರಡು ತುದಿ ಒಂದಕ್ಕೊಂದು ತಾಗಿದರೆ ಪೆಡಲು ಒತ್ತಿದಂತೆಯೇ ಎಂಬುದು ನನಗೆ ಗೊತ್ತಿತ್ತು. ಗ್ಲಿಸರಿನ್ ಗುಳ್ಳೆ ಖಾಲಿ ಮಾಡುವುದು ನೆನಪಾಗಲಿಲ್ಲ.

ಎಂಟು ತಿಂಗಳು ಬೀಗರು ಬರೀ ನಕ್ಕರು. ತಿಂಗಳಿಗೊಮ್ಮೆ ಎಣ್ಣೆ ಹಾಕಲು ಮಲ್ಲಪ್ಪ ಹೋಗುತ್ತಿದ್ದ, ಆಮೇಲೆ ವಾರಕ್ಕೊಮ್ಮೆ ಹೋಗತೊಡಗಿದ. ಅಲ್ಲಿ ಅವನ ಭಾಷೆಯ ಹುಡುಗಿಯೊಬ್ಬಳು ಸೇರಿದ್ದಳು. ಶಾಂತವ್ವ, ಒಂಬತ್ತು ವರ್ಷ. ಅಪ್ಪ ಹಣಮಂತ ಮುಲುಂಡಿನಲ್ಲಿ ಬಿಲ್ಡಿಂಗ್ ಕಟ್ಟುವ ಕೂಲಿ, ತಾಯಿ ಊರಿನಲ್ಲಿ ಬಾಣಂತಿ. ಹುಡುಗಿಯ ಹೊಟ್ಟೆಯಲ್ಲಿ ಗಡ್ಡೆ. ಹಿಂದಿಯಲ್ಲೂ ಮರಾಠಿಯಲ್ಲೂ ನಮಸ್ತೆ ಹೇಳುವ ಬೀಗರ ಜೊತೆ ಅವಳು ದಿನವೆಲ್ಲ ಕನ್ನಡದಲ್ಲಿ ಮಾತಾಡುತ್ತಿದ್ದಳು. ಇಂಜೆಕ್ಷನ್ ಹೊತ್ತಿಗೆ ಸಿಸ್ಟರ್ ಬೆಳಕಿನ ಗೆರೆಗೆ ಕೈ ಅಡ್ಡ ಹಿಡಿಯುವರು, ಬೀಗರು ನಗುವರು, ಹುಡುಗಿ ತೋಳು ಚಾಚುವಳು. “ಇವ್ರು ನಮ್ಮ ಬೀಗರವ್ವ. ಇವ್ರಿಗೆ ಎಲ್ಲಾ ಗೊತ್ತಿರತೈತಿ,” ಎಂದು ಮಲ್ಲಪ್ಪ ತಮಾಷೆಗೆ ಹೇಳಿದ್ದ. ತಮಾಷೆ ಎಂದು ಗೊತ್ತಿದ್ದದ್ದು ಅವನೊಬ್ಬನಿಗೇ.

ಆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಫೋನ್.

“ರಾವ್ ಅವರೆ, ನಿಮ್ಮ ಮಿಷನ್ ಅಳ್ತಾ ಉಂಟು. ಬೇಗ ಬನ್ನಿ.”

ವಿಕ್ರೋಳಿಯಿಂದ ಮುಲುಂಡಿಗೆ ಲೋಕಲಿನಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಂದು ಹಿಡಿಯಿತು. ನಾವಿಬ್ಬರೂ ವಾರ್ಡಿಗೆ ಓಡಿ ಬಂದಾಗ ಕಂಡದ್ದು ಹೀಗೆ. ಬಾಗಿಲಲ್ಲಿ ಆಪರೇಷನ್ನಿಗೆ ಕರೆದೊಯ್ಯುವ ಗಾಲಿಮಂಚ. ಅದರ ಪಕ್ಕದಲ್ಲಿ ಬೀಗರು, ಹುಬ್ಬು ಇಳಿದು, ತುಟಿ ಜೋತು, ಕೆನ್ನೆಯ ಮೇಲೆ ಹನಿ. ಮೋಟಾರು ನಿಲ್ಲುತ್ತಿಲ್ಲ, ಅಳು ಮುಗಿಯುತ್ತದೆ, ಮತ್ತೆ ಶುರುವಾಗುತ್ತದೆ. ಹಸಿರು ಗೌನು ತೊಟ್ಟ ಶಾಂತವ್ವ ತನ್ನ ಕಬ್ಬಿಣದ ಮಂಚದ ಸರಳನ್ನು ಎರಡೂ ಕೈಯಿಂದ ಹಿಡಿದಿದ್ದಾಳೆ. ಹಣಮಂತ ಗೋಡೆಗೊರಗಿ ನಿಂತಿದ್ದಾನೆ. ಅವನ ಮುಂದೆ ಒಪ್ಪಿಗೆಯ ಕಾಗದ, ಶಾಯಿಯ ಪ್ಯಾಡು. ಹೆಬ್ಬೆಟ್ಟು ಮಡಿಸಿ ಮುಷ್ಟಿಯೊಳಗೆ ಇಟ್ಟುಕೊಂಡಿದ್ದಾನೆ.

ಸಿಸ್ಟರ್ ನನ್ನನ್ನು ಪಕ್ಕಕ್ಕೆ ಎಳೆದರು. “ಆಪರೇಷನ್ ಡಾಕ್ಟರು ಬುಧವಾರ ಮಾತ್ರ ಬರುವುದು, ಹನ್ನೆರಡರ ಮೇಲೆ ಹೊಸದು ತೆಗೆದುಕೊಳ್ಳುವುದಿಲ್ಲ. ಮುಂದಿನ ಬುಧವಾರದವರೆಗೆ ಗಡ್ಡೆ ಕಾಯ್ತದೆ ಅಂತ ಅವರು ಹೇಳುವುದಿಲ್ಲ. ಇವನು ಹೆಬ್ಬೆಟ್ಟು ಒತ್ತುವುದಿಲ್ಲ, ಅವಳು ಸರಳು ಬಿಡುವುದಿಲ್ಲ.”

ನಾನು ಹಣಮಂತನ ಹತ್ತಿರ ಹೋದೆ. ಅವನು ನನ್ನನ್ನಲ್ಲ, ಬೀಗರನ್ನೇ ನೋಡುತ್ತಿದ್ದ.

“ಹೊಂಡೂ ಹೊತ್ನ್ಯಾಗ ಕಣ್ಣೀರ ಹಾಕ್ಯಾರ್ರಿ,” ಎಂದ. “ನಿನ್ನಿ ತನಕಾ ನಕ್ಕಾರ. ಇವತ್ತ ಗಾಡಿ ಬಾಗಲಿಗೆ ಬಂದ ಕೂಡ್ಲೆ ಅತ್ತಾರ. ಅವ್ರಿಗೆ ಏನೋ ಕಂಡೈತಿ. ನಾ ಹೆಂಗ ಕಳಸ್ಲಿ?”

ಹೊರಡುವಾಗ ಅಳಬಾರದು ಎಂಬುದು ನಮ್ಮ ಮನೆಯಲ್ಲೂ ಇದ್ದ ನಿಯಮವೇ.

ಸಿಸ್ಟರ್ ಕಿವಿಯಲ್ಲಿ ಅಂದರು: “ಎರಡು ನಿಮಿಷದಲ್ಲಿ ಸರಿ ಮಾಡಿ ನಗ್ಸಿ. ಕಣ್ಣಿಗೆ ಧೂಳು ಬಿದ್ದಿತ್ತು ಅಂತ ಹೇಳಿ. ಮುಗೀತಲ್ಲ.”

ಮಲ್ಲಪ್ಪನೂ ಹೌದೆಂದು ತಲೆಯಾಡಿಸಿದ. ನಾನು ಸ್ಕ್ರೂಡ್ರೈವರ್ ತೆಗೆದೆ. ಕೆಲಸ ನಿಜಕ್ಕೂ ಎರಡು ನಿಮಿಷದ್ದು. ಟೇಪು ಸೆಕೆಗೆ ಅಂಟು ಬಿಟ್ಟು ವೈರಿನ ತುದಿಗಳು ಕೂಡಿರಬೇಕು ಎಂದು ನೋಡುವ ಮೊದಲೇ ಗೊತ್ತಿತ್ತು. ತುದಿ ಬಿಡಿಸಿದರೆ ಅಳು ನಿಲ್ಲುತ್ತದೆ, ಕೈ ಅಡ್ಡ ಹಿಡಿದರೆ ನಗು ಬರುತ್ತದೆ, ಅವನು ಹೆಬ್ಬೆಟ್ಟು ಒತ್ತುತ್ತಾನೆ. ಒಳಗೆ ಹೋದ ಮಗು ಹೊರಗೆ ಬರದಿದ್ದರೆ? ಆ ಕಾಗದದ ಮೇಲೆ ಬೀಳುವುದು ಅವನ ಹೆಬ್ಬೆಟ್ಟಲ್ಲ, ನಮ್ಮ ಹಿತ್ತಾಳೆಯ ಬಿಲ್ಲೆಯ ಹೆಬ್ಬೆಟ್ಟು. ಮಿಕ್ಸಿ ಕಂಕುಳಲ್ಲಿಟ್ಟುಕೊಂಡು ಹೋದ ಮನುಷ್ಯನ ಬೆನ್ನು ನನ್ನ ಕಣ್ಣ ಮುಂದೆ ಬಂತು.

ವೈರಿಗೆ ಬೀಗರ ಬೆನ್ನಿನ ಮುಚ್ಚಳ ತೆರೆದರೆ ಸಾಕಿತ್ತು. ಅದನ್ನು ಬಿಟ್ಟು, ಹಣಮಂತನಿಗೆ ಕಾಣುವಂತೆ ಕಿವಿಯ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದೆ. ರಬ್ಬರಿನ ಮುಖವನ್ನು ಗಲ್ಲದಿಂದ ಹಿಡಿದು ಮೇಲಕ್ಕೆ ಸುಲಿದೆ.

ಈ ವೃತ್ತಿಯಲ್ಲಿ ಇರುವವರಿಗೆ ಒಂದು ಮಾತು. ಮಕ್ಕಳ ಎದುರು ಇದನ್ನು ಮಾಡಬೇಡಿ. ತಗಡಿನ ಬುರುಡೆಯಲ್ಲಿ ಎರಡು ಗಾಜಿನ ಕಣ್ಣು, ಅವುಗಳ ಕೆಳಗೆ ಕಡ್ಡಿಗಳು ಇನ್ನೂ ಅಳುತ್ತಿದ್ದವು. ಹತ್ತಿರದ ಮಂಚದ ಮಗು ಕಿಟಾರನೆ ಕಿರುಚಿ ಹೊದಿಕೆಯೊಳಗೆ ಹೋಯಿತು. ಸಿಸ್ಟರ್ “ಅಯ್ಯೋ ದೇವರೆ” ಎಂದು ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಕೈಯಲ್ಲಿ ಮುಖ ಜೋತಾಡುತ್ತಿತ್ತು.

ಶಾಂತವ್ವ ಕೂಗಲಿಲ್ಲ. “ಅದಕ ನೋಯಾಕ ಹತ್ತೈತೇನ್ರಿ?” ಎಂದಳು.

“ಇಲ್ಲ ಮಗು. ನೋಯುವಂಥದ್ದು ಇದರಲ್ಲಿ ಏನೂ ಇಲ್ಲ.” ಅಂಟು ಬಿಟ್ಟ ಟೇಪು ತೋರಿಸಿದೆ, ವೈರು ತೋರಿಸಿದೆ. ತುದಿ ತಾಗಿಸಿದೆ: ಕಡ್ಡಿಗಳು ಕೆಳಗೆ. ಬಿಡಿಸಿದೆ: ನಿಂತವು. ಮತ್ತೆ ತಾಗಿಸಿದೆ, ಬಿಡಿಸಿದೆ. “ಇದಕ್ಕೆ ಏನೂ ಕಂಡಿಲ್ಲ. ತಪ್ಪು ನನ್ನದು. ಇದನ್ನು ತೆಗೆದುಹಾಕಬೇಕಾಗಿತ್ತು, ಸೋಮಾರಿತನದಿಂದ ಬಿಟ್ಟೆ.”

ಹಣಮಂತ ಬಗ್ಗಿ ಬಹಳ ಹೊತ್ತು ನೋಡಿದ. ವೈರನ್ನು ತಾನೇ ಕೈಯಲ್ಲಿ ಹಿಡಿದು ಒಮ್ಮೆ ತಾಗಿಸಿ ಬಿಡಿಸಿದ. ಆಮೇಲೆ ನನ್ನ ಮುಖ ನೋಡಿದ.

“ಅಂದ್ರ, ಇಷ್ಟ ದಿನ ನಕ್ಕಿದ್ದೂ ಇದ ಏನ್ರಿ?”

ಇಷ್ಟು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಅಳು ವೈರಿನದು ಎಂದು ತೋರಿಸಿ ಗೆದ್ದೆನೆಂದು ನಿಂತಿದ್ದವನಿಗೆ, ಅದೇ ಬಾಯಲ್ಲಿ ನಗುವನ್ನೂ ಕಿತ್ತುಕೊಂಡಿದ್ದೇನೆ ಎಂಬುದು ಹೊಳೆದಿರಲಿಲ್ಲ.

“ಹೌದು,” ಎಂದೆ.

ಅವನು ಸಿಸ್ಟರ್ ಕಡೆ ತಿರುಗಿದ. “ಹಂಗಾರ ಅಕ್ಕಾರ, ನನ್ನ ಮಗಳ ಉಳಿತಾಳಂತ ನನಗ ಹೇಳಿದವ್ರು ಯಾರು?”

ಯಾರೂ ಹೇಳಿರಲಿಲ್ಲ. ಮೂರು ವಾರದಿಂದ ಅವನು ಬಂದು ಬಾಗಿಲು ದಾಟಿ ನಿಲ್ಲುತ್ತಿದ್ದ, ಬೀಗರು ನಗುತ್ತಿದ್ದರು, ಅವನು ಕೈಮುಗಿದು ಕೆಲಸಕ್ಕೆ ಹೋಗುತ್ತಿದ್ದ. ಡಾಕ್ಟರರಿಗೆ ಅವನ ಭಾಷೆ ಬಾರದು, ಸಿಸ್ಟರಿಗೆ ಬಿಡುವಿಲ್ಲ. ಮನುಷ್ಯ ನೆಮ್ಮದಿಯಾಗಿದ್ದಾನೆ ಎಂದು ಎಲ್ಲರೂ ತಿಳಿದಿದ್ದರು. ನಮ್ಮ ಯಂತ್ರ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು.

ಸಿಸ್ಟರ್ ಸ್ಟೂಲು ಎಳೆದು ಅವನ ಎದುರು ಕೂತರು. “ಗಡ್ಡೆ ಬಿಟ್ರೆ ಉಳಿಯುವುದಿಲ್ಲ. ತೆಗೆದ್ರೆ ಹೆಚ್ಚಾಗಿ ಉಳಿತಾಳೆ. ಹೆಚ್ಚಾಗಿ ಅಂದ್ರೆ ಹೆಚ್ಚಾಗಿ, ಪೂರ್ತಿ ಅಲ್ಲ. ನಮಗೆ ಗೊತ್ತಿರುವುದು ಅಷ್ಟೇ, ಮಾರಾಯ. ಮೊದಲೇ ಹೇಳಬೇಕಿತ್ತು.”

ಹಣಮಂತ ಅದನ್ನು ಎರಡು ಸಲ ಹೇಳಿಸಿಕೊಂಡ. ಹನ್ನೊಂದು ದಾಟಿತ್ತು. ಅವನು ಮಗಳ ಕಡೆ ನೋಡಿದ.

ಮಗಳು ಮಲ್ಲಪ್ಪನನ್ನು ನೋಡುತ್ತಿದ್ದಳು. “ಕಾಕಾ, ಅದಕ ನಗೂದು ಮಾಡಿದವ್ರು ಯಾರು?”

“ನಾನವ್ವ,” ಎಂದ ಮಲ್ಲಪ್ಪ. ತಪ್ಪೊಪ್ಪಿಕೊಳ್ಳುವ ದನಿ. “ಮೂರ ತಿಂಗಳ ಅರಾ ಹಿಡದ ತಿಕ್ಕೇನಿ.”

“ನಾ ಇಲ್ಲಿಗೆ ಬರ್ತೀನಂತ ಗೊತ್ತಿತ್ತೇನು ನಿನಗ?”

“ಇಲ್ಲವ್ವ.”

“ಮತ್ತ ಯಾರ ಸಲುವಾಗಿ ಮಾಡಿದಿ?”

ಮಲ್ಲಪ್ಪ ಯೋಚಿಸಿದ. ಹಸಮುಖಭಾಯಿ, ಡ್ರಾಯಿಂಗು, ಆರು ಮಿಲಿಮೀಟರು, ಯಾವುದೂ ಅವನ ಬಾಯಿಗೆ ಬರಲಿಲ್ಲ. “ಯಾರರ ಎದುರಿಗೆ ಬರ್ತಾರಲ್ಲವ್ವ, ಅವ್ರ ಸಲುವಾಗಿ,” ಎಂದ.

“ಹಂಗಾರ ನೀನ ನಗು.”

“ಈಗ?”

“ನಾ ಹೊಳ್ಳಿ ಬರೂತನಾ.”

ಮಲ್ಲಪ್ಪ ಪ್ರಯತ್ನಿಸಿದ. ಮೊದಲು ಬಂದದ್ದು ನಗುವಲ್ಲ, ಏನೋ ಮುಖದ ಸೆಳೆತ. ಹುಡುಗಿ ಒಪ್ಪಲಿಲ್ಲ. “ಹಂಗಲ್ಲ,” ಎಂದಳು. ಎರಡನೆಯ ಸಲ ಅವನ ಕಣ್ಣಿನ ಕೆಳಗೆ ಸಣ್ಣಗೆ ಏನೋ ಸಡಿಲವಾಯಿತು, ಆಮೇಲೆ ಬಾಯಿ. ಶಾಂತವ್ವ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದು. ಹಣಮಂತ ಹೆಬ್ಬೆಟ್ಟು ಬಿಚ್ಚಿ ಪ್ಯಾಡಿಗೆ ಒತ್ತಿದ. ಶಾಯಿ ಹೆಚ್ಚಾಗಿ ಕಾಗದದ ಅರ್ಧ ನೀಲಿಯಾಯಿತು.

ಗಾಲಿಮಂಚ ಓಣಿಯ ಕೊನೆಯ ಬಾಗಿಲಲ್ಲಿ ಮರೆಯಾಯಿತು. ನಾವು ಮೂವರು ಆ ಬಾಗಿಲ ಮುಂದಿನ ಬೆಂಚಿನ ಹತ್ತಿರ ಹೋದೆವು. ನಾನೂ ಹಣಮಂತನೂ ಕೂತೆವು. ಮಲ್ಲಪ್ಪ ಕೂರಲಿಲ್ಲ. ಬಾಗಿಲಿಗೆ ಮುಖ ಮಾಡಿ ನಿಂತಿದ್ದ, ಬಾಯಿ ಇನ್ನೂ ತೆರೆದೇ ಇತ್ತು.

“ಮಲ್ಲಪ್ಪ, ಬಾಗಿಲು ಹಾಕಿದೆ. ಅವಳಿಗೆ ಕಾಣುವುದಿಲ್ಲ,” ಎಂದೆ.

“ಮಾತ ಕೊಟ್ಟೇನ್ರಿ,” ಎಂದ, ತುಟಿ ಅಲ್ಲಾಡಿಸದೆ.

ಹೋಗುವ ಬರುವ ನರ್ಸುಗಳು ಅವನನ್ನು ನೋಡಿ ಗಾಬರಿಯಾದರು. ಒಬ್ಬ ವಾರ್ಡ್‌ಬಾಯ್ “ಇಸ್ಕೋ ಕ್ಯಾ ಹುವಾ?” ಎಂದು ನನ್ನನ್ನು ಕೇಳಿದ. ಗಂಟೆ ಒಂದಾಯಿತು, ಎರಡಾಯಿತು. ನಡುವೆ ಒಮ್ಮೆ, “ಸಾಹೇಬ್ರ, ಗಲ್ಲ ನೋಯಾಕ ಹತ್ಯಾವು. ಆ ಮೋಟಾರಿಗೆ ಶಾಬಾಸ್,” ಎಂದ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಎರಡು ಬಿಲ್ಲೆ ಒಟ್ಟಿಗೆ ತಿರುಗುವ ಯಂತ್ರವನ್ನು ನಾವು ಮಾಡಿರಲಿಲ್ಲ. ಹಣಮಂತ ಎದ್ದು ಹೋಗಿ ಅವನ ಪಕ್ಕ ನಿಂತ.

ಮೂರು ಗಂಟೆಗೆ ಗಾಲಿಮಂಚ ಹೊರಬಂತು. ಡಾಕ್ಟರು ಬೆವರೊರೆಸಿಕೊಳ್ಳುತ್ತ, ಗಡ್ಡೆ ಪೂರ್ತಿ ಬಂದಿದೆ ಎಂದು ಸಿಸ್ಟರಿಗೆ ಹೇಳಿದರು. ಸಿಸ್ಟರ್ ಒಂದು ಮಾತೂ ಬಿಡದೆ ಹಣಮಂತನಿಗೆ ಹೇಳಿದರು. ಹುಡುಗಿಗೆ ಎಚ್ಚರವಿರಲಿಲ್ಲ. ಮಲ್ಲಪ್ಪ ಗಾಲಿಮಂಚದ ಪಕ್ಕದಲ್ಲೇ ನಡೆದು ವಾರ್ಡಿಗೆ ಬಂದು ಅವಳ ತಲೆದೆಸೆಯಲ್ಲಿ ನಿಂತ.

ಒಪ್ಪಿಗೆಯಿಲ್ಲದೆ ಕಂಪನಿಯ ಯಂತ್ರದ ಮುಖ ಸುಲಿದದ್ದಕ್ಕೆ ಆಮೇಲೆ ನನಗೆ ಬಂದ ಮೆಮೋ ಎರಡು ಪುಟದ್ದು. ಅದನ್ನು ಇಲ್ಲಿ ನಕಲು ಮಾಡುವುದಿಲ್ಲ, ಅದರಲ್ಲಿದ್ದದ್ದೆಲ್ಲ ನಿಜ.

ಐದೂವರೆಯ ಹೊತ್ತಿಗೆ ಶಾಂತವ್ವ ಕಣ್ಣು ಬಿಟ್ಟಳು. ಛಾವಣಿ ನೋಡಿದಳು, ಅಪ್ಪನನ್ನು ನೋಡಿದಳು. ಆಮೇಲೆ ತನ್ನ ಮೇಲೆ ಬಾಗಿ ನಿಂತ ಮಲ್ಲಪ್ಪನ ಬಾಯಿಯನ್ನು ಬಹಳ ಹೊತ್ತು ದಿಟ್ಟಿಸಿದಳು. ಒಣಗಿದ ತುಟಿ ಅಲ್ಲಾಡಿತು. ನಾವೆಲ್ಲ ಬಗ್ಗಿದೆವು.

“ಕಾಕಾ,” ಎಂದಳು, “ನಿನ್ನ ಹಲ್ಲ ಯಾಕಿಷ್ಟ ಕೆಂಪದಾವು?”

ಎಲೆ ಅಡಿಕೆ ಜಗಿಯುವ ಮಲ್ಲಪ್ಪ ಆರು ತಾಸಿನ ಮೇಲೆ ಮೊದಲ ಸಲ ಬಾಯಿ ಮುಚ್ಚಿದ.